ಪೀಪಾಯಿಯಲ್ಲಿ ಬಂದ ಕಡಲು

ಆ ಕಾಲದಲ್ಲಿ ನಮ್ಮ ಕಡೆ ಸಮುದ್ರ ನೋಡಿದವರು ಊರಿಗೊಬ್ಬರು ಸಿಕ್ಕರೆ ಹೆಚ್ಚು. ನೋಡಿ ಬಂದವರು ಆಮೇಲೆ ಬದುಕಿರುವಷ್ಟು ದಿನವೂ ಅದನ್ನೇ ಹೇಳಿಕೊಂಡು ಜಗಲಿಯ ಮೇಲೆ ಮೆರೆಯುತ್ತಿದ್ದರು. ನಾನು ಮಾತ್ರ ಒಂಬತ್ತು ವರ್ಷಕ್ಕೇ ಸಮುದ್ರವನ್ನು ಮುಟ್ಟಿದ್ದೆ, ನೆಕ್ಕಿದ್ದೆ, ತಲೆಗೆ ಹುಯ್ದುಕೊಂಡಿದ್ದೆ. ಅದೂ ಎಲ್ಲಿ ಅಂತೀರಿ? ಆಂಡರ್ಸನ್‌ಪೇಟೆಯ ನಮ್ಮ ಹಿತ್ತಲಲ್ಲಿ, ಬಚ್ಚಲ ಕಲ್ಲಿನ ಮೇಲೆ ಕೂತು. ಈ ಮಾತು ತೆಗೆದರೆ ನನ್ನ ಮೊಮ್ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತವೆ. ನಗಲಿ ಬಿಡಿ, ಅವಕ್ಕೇನು ಗೊತ್ತು.

ನಮ್ಮ ಅಪ್ಪ ಮುನಿಸಾಮಪ್ಪ ಚಿನ್ನದ ಗಣಿಯ ಇಂಜಿನಿಯರ್ ದೊರೆಯೊಬ್ಬರ ಬಂಗಲೆಯಲ್ಲಿ ಮಾಲಿಯಾಗಿದ್ದರು. ನಮ್ಮ ಊರು, ಹೊಲ ಎಲ್ಲ ಕ್ಯಾಸಂಬಳ್ಳಿ ಕಡೆ. ಅಮ್ಮ ನನ್ನ ಇಬ್ಬರು ತಮ್ಮಂದಿರನ್ನು ಕಟ್ಟಿಕೊಂಡು ಅಲ್ಲೇ ರಾಗಿ ಬೆಳೆ ನೋಡಿಕೊಂಡಿದ್ದರು. ನನಗೆ ನಾಲ್ಕಕ್ಷರ ಬರಲಿ ಅಂತ ಅಪ್ಪ ನನ್ನನ್ನೂ, ಅಡುಗೆಗೆ ಅಂತ ತಮ್ಮ ತಾಯಿಯನ್ನೂ ಪೇಟೆಯ ಮನೆಯಲ್ಲಿ ಇಟ್ಟುಕೊಂಡಿದ್ದರು. ನಮ್ಮ ಸೀಮೆಯಲ್ಲಿ ತೆಲುಗಿನವರ ಹಾಗೆ ಅಜ್ಜಿಯನ್ನು ಅವ್ವ ಅನ್ನುವುದುಂಟು, ನಾನೂ ಹಾಗೇ ಕರೆಯುತ್ತಿದ್ದೆ. ಅವ್ವ ಮಾಡಿದ ಹುರುಳಿ ಬಸ್ಸಾರಿನ ವಾಸನೆಗೆ ನಮ್ಮ ಬೀದಿಯ ನಾಯಿಗಳೆಲ್ಲ ಬಾಲ ಅಲ್ಲಾಡಿಸಿಕೊಂಡು ಬಾಗಿಲಿಗೆ ಬರುತ್ತಿದ್ದವು. ಉಪ್ಪು ಹಾಕುವಾಗ ಅವಳು ಪಾತ್ರೆಯ ಕಡೆ ನೋಡುತ್ತಲೂ ಇರಲಿಲ್ಲ.

ಅಪ್ಪನಿಗೆ ಒಳ್ಳೆಯ ಕೈಗುಣ ಅಂತ ಹೆಸರು. ಅವರು ಒಣಗಿದ ಕಡ್ಡಿ ನೆಟ್ಟರೂ ಚಿಗುರುತ್ತದೆ ಅಂತ ಬಂಗಲೆ ಸಾಲಿನ ಮಾಲಿಗಳೆಲ್ಲ ಹೇಳುತ್ತಿದ್ದರು. ಹಾಗಾಗಿಯೇ ದೊರೆಸಾನಿ ತನ್ನ ಪ್ರಾಣದಂಥ ಹೂವನ್ನೂ ಅಪ್ಪನ ಕೈಗೇ ಒಪ್ಪಿಸಿದ್ದಳು. ಆ ಹೂವು ಮಣ್ಣಿನಲ್ಲಿರಲಿಲ್ಲ. ವರಾಂಡದಲ್ಲಿ, ಬೆಳಗಿನ ಬಿಸಿಲು ಬೀಳುವ ಕಡೆ, ಒಂದು ಎಮ್ಮೆಗರು ಮಲಗುವಷ್ಟು ದೊಡ್ಡ ಗಾಜಿನ ತೊಟ್ಟಿಯಲ್ಲಿತ್ತು.

ನಾನು ಮೊದಲ ಸಲ ಅದನ್ನು ನೋಡಿದ್ದು ಒಂದು ಭಾನುವಾರ, ಅಪ್ಪನಿಗೆ ಮುದ್ದೆ ಬುತ್ತಿ ತೆಗೆದುಕೊಂಡು ಹೋದಾಗ. ತೊಟ್ಟಿಯೊಳಗೆ ಸಮುದ್ರದ ಕಲ್ಲುಗಳು, ಒಂದು ಕಡೆ ಗಾಳಿ ಊದುವ ಪುಟ್ಟ ಯಂತ್ರದಿಂದ ಗುಳುಗುಳು ಗುಳ್ಳೆ. ನಡುವಿನ ಕಲ್ಲಿನ ಮೇಲೆ ರೊಟ್ಟಿ ಹೆಂಚಿನಷ್ಟು ಅಗಲಕ್ಕೆ ಆ ಹೂವು ಬಿಚ್ಚಿಕೊಂಡು ಕೂತಿತ್ತು. ಎಳೆ ಹುರುಳಿಕಾಯಿಯಂಥ ನೂರಾರು ಎಸಳು, ಒಂದೊಂದರ ತುದಿಯೂ ನಸುನೇರಳೆ. ಎಲ್ಲವೂ ಗಾಳಿಯೇ ಇಲ್ಲದ ಕಡೆ ಗಾಳಿಗೆ ಆಡಿದ ಹಾಗೆ ಆಡುತ್ತಿದ್ದವು. ಎಸಳುಗಳ ಸಂದಿಯಲ್ಲಿ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಒಂದು ಮೀನು ಹೊರಳಾಡುತ್ತಿತ್ತು.

"ಮುಟ್ಲಾ ಅಪ್ಪಾ?"

"ಮುಟ್ಟು, ಮೆತ್ತಗೆ. ಕೀಳಬ್ಯಾಡ. ಅದು ಗಿಡ ಅಲ್ಲ, ಜೀವ ಕಣಮ್ಮೀ."

ಬೆರಳು ಇಟ್ಟೆ. ಹಲಸಿನ ಮೇಣದ ಹಾಗೆ ಅಂಟಿಕೊಂಡಿತು. ಕಿರುಚಿಕೊಂಡು ಕೈ ಎಳೆದುಕೊಂಡೆ. ಬಟ್ಲರ್ ಅಂತೋಣಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ತಮಿಳಿನವನು, ಕನ್ನಡವನ್ನು ತನಗೆ ಬೇಕಾದ ಹಾಗೆ ಬಗ್ಗಿಸಿಕೊಂಡು ಮಾತಾಡುವವನು. ಆಮೇಲೆ ಒಂದು ಬಿದಿರುಕಡ್ಡಿಯ ತುದಿಗೆ ಸಿಗಡಿ ಚೂರು ಸಿಕ್ಕಿಸಿ ಹೂವಿಗೆ ಹಿಡಿದ. ಎಸಳುಗಳೆಲ್ಲ ಸೇರಿಕೊಂಡು ಅದನ್ನು ಒಳಕ್ಕೆ ದಬ್ಬಿಕೊಂಡವು. ಅವತ್ತಿನಿಂದ ನಮ್ಮ ಬೀದಿಯಲ್ಲಿ ಕುಂಟೆಬಿಲ್ಲೆ ಮೂಲೆಗೆ ಬಿತ್ತು. ಒಬ್ಬರು ಕೂತು ಕೈಬೆರಳು ಆಡಿಸುವುದು, ಉಳಿದವರು ಮುಟ್ಟಿ ಓಡುವುದು, ಸಿಕ್ಕಿದವರು 'ಊಟ' ಆಗುವುದು, ಇದೇ ಹೊಸ ಆಟ.

ಅವ್ವನಿಗೆ ಹೇಳಿದೆ. ಅವಳು ಮೂಗು ಮುರಿದಳು.

"ಮೀನ್ ತಿನ್ನೋ ಊವಾ? ಥೂ, ದೇವ್ರಿಗೆ ಮುಡ್ಸಕಾಗಲ್ಲ ಬುಡು."

"ರಾಮೇಶ್ವರದ ಕಡೆಯಿಂದ ತರ್ಸಿದ್ದಂತೆ ಅವ್ವಾ."

ಅವ್ವ ರಾಗಿ ಕೇರುವುದನ್ನು ನಿಲ್ಲಿಸಿದಳು. "ರಾಮೇಸ್ವರದ್ದಾ?" ಅಂದವಳು ಮೊರ ಕೆಳಗಿಟ್ಟು, "ಅಂಗಾದ್ರೆ ಏನ್ ತಿಂದ್ರೇನು. ಪುಣ್ಯದ ಜೀವ" ಅಂದಳು.

ಅವ್ವನಿಗೆ ಇದ್ದದ್ದು ಒಂದೇ ಆಸೆ. ಸಾಯುವುದರೊಳಗೆ ರಾಮೇಶ್ವರಕ್ಕೆ ಹೋಗಿ ಒಂದು ಅಮಾವಾಸ್ಯೆ ಸಮುದ್ರದಲ್ಲಿ ಮುಳುಗಿ ಏಳಬೇಕು. ತಾತ ಮದುವೆಯಾದ ಹೊಸದರಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದಿದ್ದರಂತೆ. ಈ ವರ್ಷ ರಾಗಿ ಕುಯ್ಲು, ಮುಂದಿನ ವರ್ಷ ನಾದಿನಿ ಬಾಣಂತನ ಅಂತ ಮುಂದೂಡುತ್ತಾ ತಾತ ತಾವೇ ಹೋಗಿಬಿಟ್ಟರು. ಅವ್ವ ಅದನ್ನು ದೂರಿನ ಹಾಗೆ ಹೇಳುತ್ತಿರಲಿಲ್ಲ. ಆದರೆ ಅಮಾವಾಸ್ಯೆ ದಿನ ತಲೆಗೆ ನೀರು ಹುಯ್ದುಕೊಳ್ಳುವಾಗ ಅವಳ ಮುಖ ನೋಡಿದರೆ ನನಗೆ ಏನೋ ಸಂಕಟವಾಗುತ್ತಿತ್ತು.

ಹೂವಿನ ತೊಟ್ಟಿಗೆ ತಿಂಗಳಿಗೊಮ್ಮೆ ಹೊಸ ನೀರು ಬೇಕಿತ್ತು. ಹಳೆಯದನ್ನು ಒಂದಷ್ಟು ತೆಗೆದು ಹೊಸದನ್ನು ಹಾಕುವುದು. ಆ ನೀರು ಮದ್ರಾಸಿನಿಂದ ಎರಡು ಪೀಪಾಯಿಗಳಲ್ಲಿ ರೈಲು ಹತ್ತಿ ಬರುತ್ತಿತ್ತು. ಬಂಗಾರಪೇಟೆಯನ್ನು ಆಗ ಬೌರಿಂಗ್‌ಪೇಟೆ ಅನ್ನುತ್ತಿದ್ದರು. ಅಲ್ಲಿ ಪೀಪಾಯಿಗಳನ್ನು ಇಳಿಸಿ ನಮ್ಮ ಗಣಿಯ ರೈಲಿಗೆ ಹಾಕುತ್ತಿದ್ದರು. ಮಾರಿಕುಪ್ಪಂ ಸ್ಟೇಷನ್ನಿಗೆ ಅದು ಬರುವ ಹೊತ್ತಿಗೆ ಸಂಜೆ. ಬಂಗಲೆ ಸಾಲಿನೊಳಕ್ಕೆ ಸಂಜೆಯ ಮೇಲೆ ಎತ್ತಿನ ಗಾಡಿ ಬಿಡುತ್ತಿರಲಿಲ್ಲ. ಆದ್ದರಿಂದ ಅಪ್ಪ ಪೀಪಾಯಿಗಳನ್ನು ನಮ್ಮ ಹಿತ್ತಲಲ್ಲಿ ಇಳಿಸಿಕೊಂಡು, ಮಾರನೆಯ ಬೆಳಗ್ಗೆ ಗಾಡಿಗೆ ಹೇರಿಕೊಂಡು ಹೋಗುತ್ತಿದ್ದರು. ಎಡವಟ್ಟು ಬೇರು ಬಿಟ್ಟದ್ದು ಅಲ್ಲೇ.

ಆ ವರ್ಷ ಮಹಾಲಯ ಅಮಾವಾಸ್ಯೆಯ ಹಿಂದಿನ ಸಂಜೆಯೇ ಪೀಪಾಯಿ ಬಂತು. ಅಪ್ಪ ಬಾಡಿಗೆ ಎತ್ತುಗಳನ್ನು ವಾಪಸ್ಸು ಬಿಡಲು ಹೋದರು. ಅವ್ವ ಪೀಪಾಯಿಯ ಮೇಲಿನ ಗೋಣಿತಾಟು ಸರಿಸಿ, ಮರದ ಮುಚ್ಚಳ ಎತ್ತಿ, ಮೂಸಿ ನೋಡಿದಳು. ಕೈಮುಗಿದಳು. ಒಂದು ಚೊಂಬು ಮೊಗೆದು, ಅಂಗೈಗೆ ಎತ್ತರದಿಂದ ಬಿಟ್ಟುಕೊಂಡು ನೆಕ್ಕಿದಳು. ಬೆರಳು ಅದ್ದಿ ನೀರನ್ನು ಎಂಜಲು ಮಾಡುವವಳಲ್ಲ ಅವಳು.

"ಅವ್ವಾ, ಅದು ದೊರೆಸಾನಿ ನೀರು!"

"ಸಮುದ್ರನ ಯಾವ ದೊರೆಸಾನಿ ತೋಡಿದ್ಲು?" ಅಂದಳು. ಆದರೂ ಅವಳಿಗೆ ಮನಸ್ಸು ಒಪ್ಪಲಿಲ್ಲ. ಇನ್ನೊಬ್ಬರದು ಒಂದು ಕಡ್ಡಿಯನ್ನೂ ಮುಟ್ಟಿದವಳಲ್ಲ. ಬಾವಿಯಿಂದ ಒಂದು ಚೊಂಬು ಸೀನೀರು ಸೇದಿ ತಂದು ಪೀಪಾಯಿಗೆ ಸುರಿದಳು. ಮೇಲೆ ಇನ್ನೊಂದು ಬೊಗಸೆ. "ತಗೊಂಡಷ್ಟು ಆಕ್ಬುಟ್ಟೆ. ಒಂದು ಅನಿ ಜಾಸ್ತಿನೇ ಆಕಿದೀನಿ. ಇನ್ನೇನ್ ತೆಪ್ಪು? ನಿಮ್ಮಪ್ಪಂಗೆ ಏಳಬ್ಯಾಡ."

ನಾನು ಅವಳ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಬೆಳಗ್ಗೆ ಬೇಗ ಎದ್ದು ಬಚ್ಚಲ ಕಲ್ಲಿನ ಮೇಲೆ ಇಬ್ಬರೂ ಸಮುದ್ರಸ್ನಾನ ಮಾಡಿದೆವು. ಅವಳಿಗೆ ಅರ್ಧ ಚೊಂಬು, ನನಗೆ ಕಾಲು. ಉಳಿದ ಕಾಲು ಚೊಂಬನ್ನು ಒಂದು ಖಾಲಿ ಔಷಧಿ ಸೀಸೆಗೆ ತುಂಬಿ, ಬಿರಡೆ ಒತ್ತಿ, ಅರಗು ಮೆತ್ತಿ ದೇವರ ಗೂಡಿನಲ್ಲಿಟ್ಟಳು. "ನಂಗೆ ಕೊನೇಗೆ ಬಾಯಿಗೆ ಬುಡಾಕೆ" ಅಂದಳು. ಕಣ್ಣಿನಲ್ಲಿ ನೀರು, ಮುಖದ ತುಂಬ ನಗು. ಅವ್ವನನ್ನು ಅಷ್ಟು ಸಂತೋಷವಾಗಿ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಆದರೆ ಅಷ್ಟು ಸಂತೋಷ ಒಬ್ಬರ ಹೊಟ್ಟೆಯಲ್ಲಿ ನಿಲ್ಲುತ್ತದೆಯೇ? ಪಕ್ಕದ ಮನೆ ಯಲ್ಲಮ್ಮನ ಕಿವಿಗೆ ಒಂದು ಮಾತು ಬಿತ್ತು. ಮುಂದಿನ ತಿಂಗಳು ಪೀಪಾಯಿ ಇಳಿದು ಅಪ್ಪ ಆ ಕಡೆ ಹೋಗಿದ್ದೇ ತಡ, ನಮ್ಮ ಬೀದಿಯ ಹೆಂಗಸರೆಲ್ಲ ಚೊಂಬು, ತಂಬಿಗೆ, ಒಬ್ಬಳಂತೂ ಕೊಡವನ್ನೇ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದರು. ಎಲ್ಲರೂ ಮರ್ಯಾದಸ್ಥರು. ಒಬ್ಬಳಾದರೂ ಪುಕ್ಕಟೆ ತೆಗೆದುಕೊಂಡು ಹೋಗಲಿಲ್ಲ. ಮೊಗೆದಷ್ಟನ್ನೂ ತಮ್ಮ ತಮ್ಮ ಮನೆಯಿಂದ ತಂದ ಸೀನೀರಿನಿಂದ ತುಂಬಿಸಿದರು. ಅವ್ವ ಪಕ್ಕದಲ್ಲಿ ನಿಂತುಕೊಂಡು, "ಒಂದು ಅನಿ ಜಾಸ್ತಿನೇ ಆಕಮ್ಮಾ, ಕಡಿಮೆ ಆಯ್ತು ಅನ್ನೋ ಮಾತು ನಮಗ್ಯಾಕೆ" ಅಂತ ನ್ಯಾಯ ಮಾಡುತ್ತಿದ್ದಳು. ಅದರ ಮುಂದಿನ ತಿಂಗಳು ಹಿಂದಿನ ಬೀದಿಯವರೂ ಬಂದರು. ಆ ಸಲ ಬೆಳಗ್ಗೆ ಗಾಡಿ ಏರಿದ್ದು ಮುಕ್ಕಾಲು ಪಾಲು ಬಾವಿ ನೀರೇ. ಪೀಪಾಯಿ ಮಾತ್ರ ತುಂಬಿ ತುಳುಕುತ್ತಿತ್ತು.

ನವೆಂಬರಿನ ಚಳಿ ಶುರುವಾಗಿತ್ತು. ಒಂದು ಭಾನುವಾರ ಬುತ್ತಿ ತೆಗೆದುಕೊಂಡು ಹೋದರೆ, ಹೂವು ಇರಬೇಕಾದ ಕಡೆ ಒಂದು ಮುಷ್ಟಿಯಷ್ಟು ಮಾಸಲು ಮುದ್ದೆ. ಎಸಳುಗಳೆಲ್ಲ ಒಳಕ್ಕೆ ಸೇದಿಕೊಂಡಿದ್ದವು, ನಡುವಿನ ಬಾಯಿ ಅಸಹ್ಯವಾಗಿ ತೆರೆದುಕೊಂಡಿತ್ತು. ಮೀನು ಒಂದು ಮೂಲೆಯಲ್ಲಿ ದಿಕ್ಕಿಲ್ಲದ ಹಾಗೆ ನಿಂತಿತ್ತು. ದೊರೆಸಾನಿ ಬೆತ್ತದ ಕುರ್ಚಿಯಲ್ಲಿ ಕೂತು ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ದೊರೆ ಹಗಲೆಲ್ಲ ಗಣಿಯಲ್ಲಿ. ಆ ಹೂವೇ ಅವಳ ಸಂಸಾರ.

ಅಷ್ಟು ದಿನದಿಂದ ಎಲ್ಲ ಮಾಡಿ ನೋಡಿದ್ದರಂತೆ. ತೊಟ್ಟಿಯನ್ನು ಬಿಸಿಲಿಗೆ ಸರಿಸಿದ್ದಾಯಿತು, ನೆರಳಿಗೆ ಸರಿಸಿದ್ದಾಯಿತು, ಸಿಗಡಿ ಬಿಟ್ಟು ಮೀನು ಕೊಟ್ಟದ್ದಾಯಿತು. ಕೊನೆಗೆ ಅಂತೋಣಿ, ಮಾಲಿ ಗೊಬ್ಬರದ ಕೈ ಅದ್ದಿದ್ದಾನೆ, ಅದಕ್ಕೇ ಹೀಗೆ ಅಂದುಬಿಟ್ಟ. ದೊರೆಸಾನಿ ಇಂಗ್ಲಿಷಿನಲ್ಲಿ ಏನೋ ಅಂದಳು. ಅಂತೋಣಿ ಅಪ್ಪನ ಕಡೆ ತಿರುಗಿದ.

"ಮುನಿಸಾಮಿ, ಇನ್ಮೇಲೆ ನೀ ತೊಟ್ಟಿ ತೊಡಬಾರದು, ಕೈ ಇಡಬಾರದು. ಈ ವಾರದಲ್ಲಿ ಹೂ ಸರಿ ಹೋಗಲಿಲ್ಲಾಂದ್ರೆ ಅಮ್ಮ ಬೇರೆ ಮಾಲಿ ನೋಡ್ತಾರೆ."

ಅಪ್ಪ ಮನೆಗೆ ಬಂದು ಕಾಲು ತೊಳೆದು, ಗೋಡೆಗೆ ಒರಗಿ ಕೂತುಕೊಂಡು, ತಮ್ಮ ಎರಡು ಅಂಗೈಗಳನ್ನೂ ಮುಂದಿಟ್ಟುಕೊಂಡು ನೋಡುತ್ತಾ ಇದ್ದರು. ಮುದ್ದೆ ತಟ್ಟೆಯಲ್ಲೇ ಆರಿತು. "ನನ್ ಕೈಗುಣ ಓಯ್ತು ಕಣಮ್ಮಾ" ಅಂದರು ಅವ್ವನಿಗೆ. ಕೆಲಸ ಹೋಗುವುದಕ್ಕಿಂತ ಆ ಮಾತು ನನಗೆ ಹೆದರಿಕೆ ತಂದಿತು. ಅಪ್ಪನ ಕೈ ಕೆಟ್ಟದ್ದು ಅಂತ ಯಾರಾದರೂ ಅನ್ನಬಹುದು ಅಂತ ನನಗೆ ಅಲ್ಲಿಯವರೆಗೂ ಹೊಳೆದೇ ಇರಲಿಲ್ಲ.

ಅವ್ವ ನನ್ನನ್ನು ಹಿತ್ತಲಿಗೆ ಕರೆದಳು. "ಊವು ಎಂಗದೆ? ಸರಿಯಾಗ್ ಏಳು."

ಹೇಳಿದೆ. ಹೇಳುತ್ತಾ ಅಳು ಬಂತು. "ನೀರು... ನಾವು ಸೀನೀರು ಹಾಕಿದ್ದಕ್ಕೇನಾ ಅವ್ವಾ?"

ಅವ್ವ ಬಚ್ಚಲ ಕಲ್ಲಿನ ಮೇಲೆ ಕುಕ್ಕರಿಸಿದಳು. ಬೆರಳು ಮಡಿಸಿ, ಯಾರ್ಯಾರು ಎಷ್ಟೆಷ್ಟು ಚೊಂಬು ಅಂತ ಮನಸ್ಸಿನಲ್ಲೇ ಓಡಿಸಿದಳೋ ಏನೋ, "ಅಯ್ಯೋ ಸಿವನೇ, ಸಪ್ಪೆ ಸಾರು ಮಾಡ್ಬುಟ್ವಲ್ಲೇ!" ಅಂದಳು.

ಮಾರನೆಯ ಬೆಳಗ್ಗೆ ಅವ್ವ ತಲೆ ಬಾಚಿ, ಮದುವೆಮುಂಜಿಗೆ ಉಡುವ ಕೆಂಪಂಚಿನ ಸೀರೆ ಉಟ್ಟು, ಸೀಸೆಯನ್ನು ಮಡಿಲಿಗೆ ಕಟ್ಟಿಕೊಂಡು, ತಲೆಯ ಮೇಲೆ ಕಲ್ಲುಪ್ಪಿನ ಗಂಟು ಹೊತ್ತು ಹೊರಟಳು. ನಾನು ಸ್ಕೂಲಿಗೆ ಚಕ್ಕರ್ ಹೊಡೆದು ಹಿಂದೆಯೇ ನಡೆದೆ. ಪಾತಿ ಕೆದಕುತ್ತಿದ್ದ ಅಪ್ಪ ಗೇಟಿನಲ್ಲಿ ನಮ್ಮನ್ನು ಕಂಡು ಗುದ್ದಲಿ ಬಿಟ್ಟು ಓಡಿಬಂದರು. "ಯಾಕಮ್ಮಾ ಬಂದೆ? ಏನಾಯ್ತು?" ಅವ್ವ ನಿಲ್ಲಲಿಲ್ಲ. ನೇರವಾಗಿ ವರಾಂಡ ಹತ್ತಿದಳು, ಉಪ್ಪಿನ ಗಂಟು ಇಳಿಸಿದಳು. ಅಂತೋಣಿ "ಐಯೋ ಪಾಟೀ, ಎಂಗೆ ಪೋರೆ? ಎಲ್ಲಿಗೆ ಹೋಗ್ತೀ ಅಜ್ಜೀ?" ಅಂತ ಅಡ್ಡ ಬಂದ. ಅವನನ್ನು ಮೊಣಕೈಯಲ್ಲಿ ಸರಿಸಿ, ತೊಟ್ಟಿಯ ಪಕ್ಕದಲ್ಲಿದ್ದ ಗಾಜಿನ ಲೋಟದಲ್ಲಿ ನೀರು ಮೊಗೆದು, ಅಂಗೈಗೆ ಎತ್ತರದಿಂದ ಬಿಟ್ಟುಕೊಂಡು ನೆಕ್ಕಿದಳು.

"ಸಪ್ಪೆ" ಅಂದಳು.

ಗಲಾಟೆಗೆ ದೊರೆಸಾನಿ ಹೊರಗೆ ಬಂದಳು. ಅವ್ವ ಅವಳಿಗೆ ಕೈಮುಗಿದು, ಅಂತೋಣಿಗೆ ಹೇಳಿದಳು: "ನಾನ್ ಏಳಿದ್ದನ್ನ ಅಂಗಂಗೇ ಏಳ್ಬೇಕು, ಒಂದಕ್ಸರ ನುಂಗಬಾರ್ದು. ನನ್ ಮಗನ ಕೈಯಾಗೆ ದೋಸ ಇಲ್ಲ. ನೀರು ಕದ್ದೋಳು ನಾನು. ಕದ್ದಷ್ಟಕ್ಕೆ ಬಾವಿ ನೀರು ಆಕ್ದೋಳೂ ನಾನೇ. ಸಮುದ್ರ ನೋಡ್ದೋಳಲ್ಲ ನಾನು. ಒಂದ್ ಚೊಂಬು ತಲೆಗುಯ್ಕೊಂಡ್ರೆ ಪುಣ್ಯ ಬತ್ತದೆ ಅನ್ಕೊಂಡೆ. ಬೀದೀ ಎಂಗಸ್ರೂ ಅನ್ಕೊಂಡ್ರು. ಈ ಜೀವ ಉಪ್ಪು ತಿಂದು ಬದುಕೋದು ಅಂತ ನಮ್ಗೆ ತಿಳೀಲಿಲ್ಲ."

ಅಪ್ಪನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಅಂತೋಣಿ ಇಂಗ್ಲಿಷಿನಲ್ಲಿ ಹೇಳಿದ. ದೊರೆಸಾನಿಯ ಮುಖ ಕೆಂಪಾಯಿತು. ಬೈಯುತ್ತಾಳೆ ಅಂತ ನಾನು ಅವ್ವನ ಸೆರಗು ಹಿಡಿದುಕೊಂಡೆ. ಅವಳು ಬೈಯಲಿಲ್ಲ. "ಏನು ಮಾಡಬೇಕು ಅಂತ ಕೇಳ್ತಾರೆ" ಅಂದ ಅಂತೋಣಿ, ಈಗ ಸ್ವಲ್ಪ ತಗ್ಗಿದ ದನಿಯಲ್ಲಿ. ಹೊಸ ಪೀಪಾಯಿ ಬರಲು ಇನ್ನೂ ಎರಡು ವಾರವಿತ್ತು.

ಅವ್ವ ಮಡಿಲಿನಿಂದ ಸೀಸೆ ತೆಗೆದಳು. ಅದರಲ್ಲಿದ್ದದ್ದೇ ಕಲಬೆರಕೆಯಾಗದೆ ಉಳಿದಿದ್ದ ಸಮುದ್ರ. ಅರಗು ಒಡೆದು, ಒಂದು ಹನಿ ನಾಲಿಗೆಗೆ ಬಿಟ್ಟುಕೊಂಡು, ಕಣ್ಣು ಮುಚ್ಚಿ ಆ ರುಚಿಯನ್ನು ಹಿಡಿದಳು. ಆಮೇಲೆ ಮಣ್ಣಿನ ಗಡಿಗೆ ತರಿಸಿ, ತೊಟ್ಟಿಯ ನೀರನ್ನೇ ಮೊಗೆದು ಅದರಲ್ಲಿ ಕಲ್ಲುಪ್ಪು ಕರಗಿಸಿ, ಬಟ್ಟೆಯಲ್ಲಿ ಸೋಸಿ ಕಸ ತೆಗೆದು, ಸ್ವಲ್ಪವೇ ಸ್ವಲ್ಪ ತೊಟ್ಟಿಗೆ ಬಿಟ್ಟಳು. ಅಂತೋಣಿ ಅವಸರಪಟ್ಟು ಪೂರಾ ಗಡಿಗೆ ಬಗ್ಗಿಸಲು ಹೋದ. ಅವ್ವ ಅವನ ಕೈಮೇಲೆ ಪಟ್ಟಂತ ಕೊಟ್ಟಳು. "ಸಾರಿಗೆ ಉಪ್ಪು ಒಂದೇ ಸಲ ಸುರೀತಾರೇನ್ಲಾ? ನಾಳೆ ಇಷ್ಟು, ನಾಡಿದ್ದು ಇಷ್ಟು."

ಏಳು ದಿನ ಹೋದಳು. ದಿನಾ ಅದೇ ಕೆಂಪಂಚಿನ ಸೀರೆ, ಅದೇ ಹೊತ್ತು. ಮೊದಲು ಸೀಸೆಯಿಂದ ಒಂದು ಹನಿ, ಆಮೇಲೆ ತೊಟ್ಟಿಯಿಂದ ಒಂದು ಹನಿ, ಆಮೇಲೆ ಉಪ್ಪು. ಮೂರನೆಯ ದಿನಕ್ಕೆ ದೊರೆಸಾನಿಯೂ ಅಂಗೈ ಒಡ್ಡಿದಳು. ಅವ್ವ ಎತ್ತರದಿಂದ ಬಿಟ್ಟಳು. ದೊರೆಸಾನಿ ನೆಕ್ಕಿ, ಮುಖ ಕಿವುಚಿ, ತಲೆ ಅಲ್ಲಾಡಿಸಿದಳು. ಇಬ್ಬರೂ ನಕ್ಕರು. ಒಬ್ಬರ ಮಾತು ಒಬ್ಬರಿಗೆ ಬಾರದ ಇಬ್ಬರು ಹೆಂಗಸರು ಉಪ್ಪಿನ ವಿಷಯಕ್ಕೆ ಎಷ್ಟು ಹೊತ್ತು ಬೇಕಾದರೂ ಹರಟಬಹುದು ಅನ್ನುವುದನ್ನು ನಾನು ಅಲ್ಲಿ ಕಂಡೆ. ಐದನೆಯ ದಿನ ಹೂವು ಬಾಯಿ ಮುಚ್ಚಿತು. ಏಳನೆಯ ದಿನ ಅವ್ವ ಎರಡನ್ನೂ ನೆಕ್ಕಿ, "ಉಪ್ಪಿನ ಅದ ಬಂತು" ಅಂದಳು. ಸೀಸೆಯಲ್ಲಿ ಇನ್ನೂ ಬಹುಪಾಲು ಉಳಿದಿತ್ತು. ಅದನ್ನು ಒಂದು ಗಳಿಗೆ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದವಳು, ತೊಟ್ಟಿಗೇ ಸುರಿದುಬಿಟ್ಟಳು.

"ಅವ್ವಾ, ಅದು ನಿನ್ನ ಕೊನೇಗೆ..."

"ಸಾಯೋಳಿಗ್ಯಾಕೆ? ಬದುಕೋದಕ್ಕಾಗ್ಲಿ" ಅಂದಳು.

ಮಾರನೆಯ ಬೆಳಗ್ಗೆ ಅಪ್ಪ ಬಂಗಲೆಯಿಂದ ಓಡುತ್ತಾ ಬಂದರು. ಆ ಹೊತ್ತಿಗೆ ಗಣಿಯ ಸೈರನ್ ಕೂಗುತ್ತಿತ್ತು, ಅದರ ಮೇಲೆ ಅಪ್ಪ ಕೂಗಿದರು: "ಬಿಚ್ಕೊಂಡದೆ! ಮೀನೂ ಒಳಕ್ಕೋಗಿ ಕೂತ್ಕಂಡದೆ!" ಅವತ್ತು ಮೂರು ಮುದ್ದೆ ಉಂಡರು. ದೊರೆಸಾನಿ ಅಪ್ಪನ ಕೈ ಹಿಡಿದು ಕುಲುಕಿದಳಂತೆ; ಆ ಕೈಯನ್ನು ಊಟದ ಹೊತ್ತಿನಲ್ಲೂ ಅಪ್ಪ ಆಗಾಗ ನೋಡಿಕೊಳ್ಳುತ್ತಿದ್ದರು. ಅಂತೋಣಿ ಬಿಸ್ಕತ್ತಿನ ಪೊಟ್ಟಣ ಕಳಿಸಿದ್ದ, ಅವ್ವನಿಗೆ ಅಂತ. ತಿಂದದ್ದು ನಾನು.

ಆಮೇಲಿನಿಂದ ದೊರೆಸಾನಿಯ ಅಪ್ಪಣೆ ಹೀಗಿತ್ತು: ತಿಂಗಳಿಗೆ ಎರಡರ ಬದಲು ಮೂರು ಪೀಪಾಯಿ ಬರುತ್ತದೆ, ಮೂರನೆಯದು ಬೀದಿಯ ಹೆಂಗಸರಿಗೆ. ಎಷ್ಟು ಬೇಕಾದರೂ ತೆಗೆದುಕೊಳ್ಳಿ, ದಯವಿಟ್ಟು ಏನನ್ನೂ ವಾಪಸ್ಸು ಹಾಕಬೇಡಿ. ಬೀದಿಯವರಿಗೆ ಇದು ಸರಿ ಅನ್ನಿಸಲಿಲ್ಲ. ತೆಗೆದುಕೊಂಡು ಸುಮ್ಮನೆ ಹೋಗುವುದು ಹೇಗೆ? ಕೊನೆಗೆ ಸೊಪ್ಪು, ಅವರೆಕಾಯಿ, ಒಂದೆರಡು ಮೊಟ್ಟೆ ಅಂತ ಬಂಗಲೆಗೆ ಕಳಿಸುವುದಕ್ಕೆ ಶುರು ಮಾಡಿದರು. ಅಂತೋಣಿಗೆ ಪೇಟೆಗೆ ಹೋಗುವ ಕೆಲಸವೇ ತಪ್ಪಿತು.

ಅವ್ವ ಇನ್ನೂ ನಾಲ್ಕು ವರ್ಷ ಇದ್ದಳು. ಕೊನೆಯ ದಿನ ಅಪ್ಪ, ಮೂರನೆಯ ಪೀಪಾಯಿಯಿಂದ ತುಂಬಿಟ್ಟಿದ್ದ ಹೊಸ ಸೀಸೆಯ ಅರಗು ಒಡೆದು ಅವಳ ಬಾಯಿಗೆ ನೀರು ಬಿಟ್ಟರು. ಎರಡು ದಿನದಿಂದ ಮಾತಾಡದಿದ್ದವಳು ನಾಲಿಗೆ ಚಪ್ಪರಿಸಿ, "ಅದ ಸರಿಯಾಗದೆ" ಅಂದಳು. ನಾವು ಅಳುತ್ತಾ ಅಳುತ್ತಾ ನಕ್ಕೆವು. ಅದಾದ ಮೇಲೆ ಯುದ್ಧ ಬಂತು, ದೊರೆ ದೊರೆಸಾನಿ ಊರು ಬಿಟ್ಟರು. ಹೂವನ್ನು ಅದೇ ಪೀಪಾಯಿಯಲ್ಲಿ ಇಳಿಸಿ ಮದ್ರಾಸಿನ ಕಡೆ ಸಮುದ್ರಕ್ಕೆ ಬಿಡಲು ಕಳಿಸಿದರು. ಮಾರಿಕುಪ್ಪಂನಲ್ಲಿ ರೈಲು ಹೊರಡುವವರೆಗೂ ಅಪ್ಪ ಪೀಪಾಯಿಯ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು.

ಈಗ ಆ ಬಂಗಲೆಗೆ ಚಾವಣಿಯಿಲ್ಲ, ವರಾಂಡದಲ್ಲಿ ಸೀಮೆಜಾಲಿ ಬೆಳೆದಿದೆ. ನಮ್ಮ ಬಾವಿಯನ್ನು ಮುಚ್ಚಿ ಯಾರೋ ಅಂಗಡಿ ಹಾಕಿದ್ದಾರೆ. ಅದಕ್ಕೆಲ್ಲ ನಾನು ಅಷ್ಟಾಗಿ ಮರುಗುವುದಿಲ್ಲ. ಆ ಬೀದಿಯ ಹೆಂಗಸರು ಇಲ್ಲವಲ್ಲ ಅನ್ನುವುದಕ್ಕೆ ಮರುಗುತ್ತೇನೆ. ತೆಗೆದುಕೊಂಡದ್ದಕ್ಕಿಂತ ಒಂದು ಹನಿ ಹೆಚ್ಚು ಹಾಕದಿದ್ದರೆ ನಿದ್ದೆ ಬಾರದ ಜನ ಅವರು. ಅಂಥವರನ್ನು ನಾನು ಆಮೇಲೆ ಹೆಚ್ಚು ಕಾಣಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಅವರಷ್ಟು ಆಗಲಿಲ್ಲ.

ಹೋದ ವರ್ಷ ಮೊಮ್ಮಗಳ ಮದುವೆಗೆ ಸೀರೆ ತೆಗೆಯಲು ಮದ್ರಾಸಿಗೆ ಹೋಗಿದ್ದೆವು. ಎಪ್ಪತ್ತು ದಾಟಿದ ಮೇಲೆ ಮೊದಲ ಸಲ ಸಮುದ್ರ ನೋಡಿದೆ. ಅಷ್ಟು ನೀರು! ಮೊಣಕಾಲುದ್ದ ಇಳಿದು, ಒಂದು ಕೈಯಲ್ಲಿ ಮೊಗೆದು, ಇನ್ನೊಂದು ಅಂಗೈಗೆ ಎತ್ತರದಿಂದ ಬಿಟ್ಟುಕೊಂಡು ನೆಕ್ಕಿದೆ. ಅವ್ವ ಹದ ಮಾಡಿದ್ದ ನೀರಿಗಿಂತ ಒಂದು ಚಿಟಿಕೆ ಉಪ್ಪು ಜಾಸ್ತಿ ಅನ್ನಿಸಿತು. ಮನೆಯ ದೇವರ ಗೂಡಿಗೆ ಅಂತ ಒಂದು ಸೀಸೆ ತುಂಬಿಕೊಂಡೆ. ಆಮೇಲೆ ಚೀಲದಿಂದ ಕುಡಿಯುವ ನೀರಿನ ಬಾಟಲಿ ತೆಗೆದು, ಸೀಸೆಯಷ್ಟು ಅಳೆದು, ಮೇಲೆ ಇನ್ನೊಂದು ಹನಿ ಸೇರಿಸಿ ಸಮುದ್ರಕ್ಕೆ ಹುಯ್ದೆ.

"ಏನಜ್ಜೀ ಮಾಡ್ತಿದೀರಾ?" ಅಂತ ಮೊಮ್ಮಗಳು ನಕ್ಕಳು.

"ತಗೊಂಡಷ್ಟು ಹಾಕ್ತಿದೀನಿ" ಅಂದೆ.